ಫೋನಿಗೆ ನಾವಿರುವ ಜಾಗ ಹೇಗೆ ಗೊತ್ತಾಗುತ್ತದೆ? ನಮ್ಮ ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಜನ ಫೋನಿನ ಲೊಕೇಶನ್ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಬೆಳೆ ಸಮೀಕ್ಷೆಯ ಫೋಟೊ, ಜಮೀನಿನ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್, ಕಳೆದುಹೋದ ಫೋನು, 112ಕ್ಕೆ ಮಾಡಿದ ಕರೆ, ಎಲ್ಲದರ ಹಿಂದೆ ಇರುವುದು ಹೆಚ್ಚುಕಡಿಮೆ ಒಂದೇ ಲೆಕ್ಕ. ಅದು ಗೊತ್ತಿದ್ದರೆ ಮ್ಯಾಪಿನ ನೀಲಿ ಚುಕ್ಕೆಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಅಂತ ನಿಮಗೇ ತಿಳಿಯುತ್ತದೆ. ಈ ಲೆಕ್ಕವನ್ನು ಫೋನಿನೊಳಗೆ ತಂದ ಕೆಲವು ಕಂಪನಿಗಳ ಕಥೆಯೂ ನಡುವೆ ಬರುತ್ತದೆ.

ಲೊಕೇಶನ್ ಹಚ್ಚಿದ ಕೂಡಲೇ ನನ್ನ ಜಾಗ ಉಪಗ್ರಹಕ್ಕೆ ಹೋಗುತ್ತದಾ?

ಇಲ್ಲ. ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದೂ ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಅಂತ ಸಾರುತ್ತಲೇ ಇರುತ್ತದೆ. ಆ ಸಿಗ್ನಲ್ ಬೆಳಕಿನ ವೇಗದಲ್ಲಿ ಬಂದರೂ ನಮ್ಮ ಕೈಗೆ ಮುಟ್ಟಲು ಒಂದು ಸೆಕೆಂಡಿನ ಸಾವಿರದಲ್ಲಿ 70 ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಗಿ ಬಂತು ಅನ್ನುವುದರಿಂದ ದೂರ ಸಿಗುತ್ತದೆ, ಹಲವು ಉಪಗ್ರಹಗಳ ದೂರ ಸೇರಿಸಿದರೆ ಜಾಗ ಸಿಗುತ್ತದೆ.

ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ಸಾಲುವುದಿಲ್ಲ, ಯಾಕೆಂದರೆ ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ನಮ್ಮ ಫೋನಿನಲ್ಲಿರುವುದು ಅಗ್ಗದ ಗಡಿಯಾರ. ಫೋನಿನ ಗಡಿಯಾರ ಎಷ್ಟು ತಪ್ಪಿದೆ ಅಂತ ಕಂಡುಹಿಡಿಯಲು ನಾಲ್ಕನೆಯದು ಬೇಕಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯೂ ಇಲ್ಲಿ ಬಂದು ಸೇರುತ್ತದೆ: ಮೇಲಿರುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ, ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ 11 ಕಿಲೋಮೀಟರಿನಷ್ಟು ತಪ್ಪು ಕೂಡಿಕೊಳ್ಳುತ್ತದೆ. ನಾವು ತೊಗರಿ ಹೊಲದಲ್ಲಿ ನಿಂತು ಫೋಟೊ ತೆಗೆಯುವಾಗ ಈ ಲೆಕ್ಕವೂ ಒಳಗೆ ನಡೆದಿರುತ್ತದೆ.

ನಿಮ್ಮ ಜಾಗ ಹೊರಗೆ ಹೋಗುವುದು ಯಾವಾಗ ಅಂದರೆ, ಫೋನು ಲೆಕ್ಕ ಮಾಡಿದ ಮೇಲೆ ಅದನ್ನು ಯಾವುದಾದರೂ ಆ್ಯಪ್ ಇಂಟರ್ನೆಟ್ ಮೂಲಕ ಕಳಿಸಿದಾಗ. ಹೆದರಬೇಕಾದದ್ದು ಉಪಗ್ರಹಕ್ಕಲ್ಲ, ನೀವು ಅನುಮತಿ ಕೊಟ್ಟ ಆ್ಯಪ್‌ಗೆ.

ಡೇಟಾ ಖಾಲಿಯಾಗಿದ್ದರೆ ಜಿಪಿಎಸ್ ನಡೆಯುತ್ತದಾ?

ನಡೆಯುತ್ತದೆ, ಆದರೆ ಮೊದಲ ಸಲ ತಡವಾಗಬಹುದು. ಉಪಗ್ರಹ ತನ್ನ ವಿವರವನ್ನು ಸೆಕೆಂಡಿಗೆ 50 ಬಿಟ್ ಲೆಕ್ಕದಲ್ಲಿ ಬಹಳ ನಿಧಾನವಾಗಿ ಹೇಳುತ್ತದೆ. ಒಂದು ಉಪಗ್ರಹದ ಪೂರ್ತಿ ವಿವರ ಕೇಳಲು 30 ಸೆಕೆಂಡ್ ಬೇಕು, ಎಲ್ಲ ಉಪಗ್ರಹಗಳ ಪಟ್ಟಿ ಕೇಳಲು ಹನ್ನೆರಡೂವರೆ ನಿಮಿಷ ಬೇಕು. ಡೇಟಾ ಇದ್ದರೆ ಫೋನು ಅದೇ ವಿವರವನ್ನು ನೆಟ್‌ವರ್ಕಿನಿಂದ ಚಟ್ಟನೆ ತಂದುಕೊಳ್ಳುತ್ತದೆ. ಇದಕ್ಕೆ ಎ-ಜಿಪಿಎಸ್ ಅನ್ನುತ್ತಾರೆ. ಇದನ್ನು ಫೋನಿಗೆ ಒಗ್ಗಿಸಿದವರಲ್ಲಿ ಮುಖ್ಯವಾದದ್ದು ಕ್ಯಾಲಿಫೋರ್ನಿಯಾದ ಸ್ನ್ಯಾಪ್‌ಟ್ರ್ಯಾಕ್ ಕಂಪನಿ. 2000ದಲ್ಲಿ ಕ್ವಾಲ್‌ಕಾಮ್ ಅದನ್ನು ಸುಮಾರು 100 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ತೆಗೆದುಕೊಂಡಿತು. ಇವತ್ತು ನಮ್ಮಲ್ಲಿ ಮಾರುವ ಎಷ್ಟೋ ಫೋನುಗಳಲ್ಲಿ ಕ್ವಾಲ್‌ಕಾಮ್ ಚಿಪ್ ಇದೆ, ಅಲ್ವಾ? ಆ ಖರೀದಿ ಸುಮ್ನೆ ಆಗಿದ್ದಲ್ಲ.

ಹಳ್ಳಿಗೆ ಹೋಗುವ ಮುಂಚೆ ಊರಲ್ಲೇ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಜಾಗ ಉಪಗ್ರಹದಿಂದ ಬರುತ್ತದೆ, ಆದರೆ ಚಿತ್ರ ಬರುವುದು ಇಂಟರ್ನೆಟ್ಟಿನಿಂದ.

ಟವರ್ ಲೊಕೇಶನ್ ಅಂತಾರಲ್ಲ, ಅದು ಎಷ್ಟು ಸರಿ ಇರುತ್ತದೆ?

ಅದು ಊರಿನ ಮೇಲೆ ನಿಂತಿದೆ. ಬರೀ ಯಾವ ಟವರ್ ಅಂತ ನೋಡಿದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕೆಲವು ನೂರು ಮೀಟರಿನೊಳಗೆ ಸಿಗಬಹುದು, ಯಾಕೆಂದರೆ ಅಲ್ಲಿ ಟವರುಗಳು ಒತ್ತೊತ್ತಾಗಿವೆ. ಸುರಪುರದ ಗುಡ್ಡಗಳ ಆಚೆ ಅದೇ ಅಂದಾಜು ಕಿಲೋಮೀಟರುಗಟ್ಟಲೆ ದೊಡ್ಡದಾಗುತ್ತದೆ. ಸಾಮಾನ್ಯವಾಗಿ ಒಂದು ಟವರಿಗೆ ಮೂರು ದಿಕ್ಕಿನ ಆಂಟೆನಾ ಇರುತ್ತವೆ, ಹಾಗಾಗಿ ಯಾವ ದಿಕ್ಕು ಅನ್ನುವುದೂ ಅಂದಾಜು ಸಿಗುತ್ತದೆ.

ಇನ್ನೊಂದು ಅಳತೆಯೂ ಇದೆ. ದೂರದ ಫೋನಿನ ಮಾತು ಟವರಿಗೆ ತಡವಾಗಿ ಮುಟ್ಟುತ್ತದೆ, ಅದಕ್ಕೆ ಟವರು ಆ ಫೋನಿಗೆ ಸ್ವಲ್ಪ ಮುಂಚೆಯೇ ಕಳಿಸು ಅಂತ ಹೇಳುತ್ತದೆ. ಎಷ್ಟು ಮುಂಚೆ ಅನ್ನುವುದರಲ್ಲೇ ದೂರ ಅಡಗಿದೆ. 2ಜಿಯಲ್ಲಿ ಈ ಅಳತೆಯ ಒಂದು ಹೆಜ್ಜೆ ಸುಮಾರು 550 ಮೀಟರ್, 4ಜಿಯಲ್ಲಿ ಸುಮಾರು 78 ಮೀಟರ್. ಹಳೆಯ 2ಜಿ ಟವರ್ ಸಾಮಾನ್ಯವಾಗಿ 35 ಕಿಲೋಮೀಟರ್ ದಾಟಿ ಕೆಲಸ ಮಾಡುತ್ತಿರಲಿಲ್ಲ, ಕಾರಣ ಈ ಹೆಜ್ಜೆಗಳ ಎಣಿಕೆ 63ಕ್ಕೆ ಮುಗಿಯುತ್ತದೆ.

ಟವರಿನಿಂದಲೇ ಸರಿಯಾದ ಜಾಗ ಹಿಡಿಯಲು ಯಾರೂ ಪ್ರಯತ್ನ ಮಾಡಲಿಲ್ಲವಾ?

ಮಾಡಿದರು, ಬಹಳ ಜಾಣತನದಿಂದ ಮಾಡಿದರು. ನನಗೆ ಈ ಪುಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು, ಅದಕ್ಕೇ ಉತ್ತರ ಉದ್ದವಾಗುತ್ತದೆ.

1996ರಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ ಒಂದು ನಿಯಮ ತಂದಿತು: ಮೊಬೈಲಿನಿಂದ ಯಾರಾದರೂ ತುರ್ತು ನಂಬರ್ 911ಕ್ಕೆ ಕರೆ ಮಾಡಿದರೆ ಅವರು ಎಲ್ಲಿದ್ದಾರೆ ಅಂತ ನೆಟ್‌ವರ್ಕ್ ಹೇಳಬೇಕು. ನಂತರ ಅಳತೆಯನ್ನೂ ಗಟ್ಟಿ ಮಾಡಿದರು. ನೆಟ್‌ವರ್ಕಿನಿಂದ ಹುಡುಕುವುದಾದರೆ ಶೇಕಡಾ 67 ಕರೆಗಳಲ್ಲಿ 100 ಮೀಟರಿನೊಳಗೆ, ಫೋನಿನಿಂದಲೇ ಹುಡುಕುವುದಾದರೆ 50 ಮೀಟರಿನೊಳಗೆ ಸಿಗಬೇಕು. ಆಗ ಫೋನಿನಲ್ಲಿ ಜಿಪಿಎಸ್ ಇರಲಿಲ್ಲ. ಅದೂ ಅಲ್ಲದೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಮಸುಕು ಮಾಡಿ 100 ಮೀಟರಿನಷ್ಟು ತಪ್ಪು ಸೇರಿಸುತ್ತಿತ್ತು. ಆ ಮಸುಕನ್ನು ತೆಗೆದದ್ದು 2000ದ ಮೇ ತಿಂಗಳಲ್ಲಿ.

ಈ ಹೊತ್ತಿನಲ್ಲಿ ಮುಂದೆ ಬಂದದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್ ಪೊಸಿಷನಿಂಗ್ ಸಿಸ್ಟಮ್ಸ್. ಅದರ ಹಿಂದಿದ್ದವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ರೇಡಿಯೋ ಖಗೋಳ ವಿಜ್ಞಾನಿ ಪೀಟರ್ ಡಫೆಟ್-ಸ್ಮಿತ್. ದೂರದ ನಕ್ಷತ್ರಲೋಕದಿಂದ ಬರುವ ಒಂದೇ ಅಲೆ ಬೇರೆ ಬೇರೆ ಆಂಟೆನಾಗಳಿಗೆ ಬೇರೆ ಬೇರೆ ಹೊತ್ತಿಗೆ ಮುಟ್ಟುತ್ತದೆ, ಆ ವ್ಯತ್ಯಾಸವನ್ನು ಅಳೆಯುವುದು ಅವರ ವಿದ್ಯೆ. ಅದನ್ನೇ ಮೊಬೈಲಿಗೆ ತಿರುಗಿಸಿದರು. ಶರಣಬಸವೇಶ್ವರ ಜಾತ್ರೆಯಲ್ಲಿ ಎರಡು ಕಂಬದ ಮೈಕಿನಿಂದ ಒಂದೇ ಮಾತು ಕೇಳಿಸುವಾಗ ಹತ್ತಿರದ್ದು ಮೊದಲು, ದೂರದ್ದು ಒಂದು ಕ್ಷಣ ಆಮೇಲೆ ಕಿವಿಗೆ ಬೀಳುತ್ತದೆ. ಎರಡರ ನಡುವಿನ ಅಂತರ ಕೇಳಿದರೆ ನೀವು ಯಾವ ಕಂಬದ ಕಡೆ ಇದ್ದೀರಿ ಅಂತ ಹೇಳಬಹುದು. ಫೋನು ಮೂರು ನಾಲ್ಕು ಟವರುಗಳನ್ನು ಹೀಗೆ ಕೇಳಿಸಿಕೊಂಡು ಜಾಗ ಲೆಕ್ಕ ಹಾಕುತ್ತಿತ್ತು. ಈ ವಿಧಾನಕ್ಕೆ ಇ-ಒಟಿಡಿ ಅಂತ ಹೆಸರು, ಆ ಕಂಪನಿಯ ಉತ್ಪನ್ನಕ್ಕೆ ಕರ್ಸರ್ ಅಂತ ಹೆಸರು. ಹೊಸ ಆಂಟೆನಾ ಬೇಡ, ಉಪಗ್ರಹ ಬೇಡ, ಫೋನಿನ ಸಾಫ್ಟ್‌ವೇರ್ ಬದಲಿಸಿದರೆ ಸಾಕು.

ಒಂದೇ ತೊಡಕು. 2ಜಿ ಟವರುಗಳ ಗಡಿಯಾರಗಳು ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಯಾವ ಟವರ್ ಎಷ್ಟು ಹಿಂದೆ ಮುಂದೆ ಇದೆ ಅಂತ ತಿಳಿಯಲು ಅಲ್ಲಲ್ಲಿ ಅಳತೆಯ ಪೆಟ್ಟಿಗೆಗಳನ್ನು ಕೂರಿಸಬೇಕಿತ್ತು, ಅದಕ್ಕೆ ದುಡ್ಡು ಜಾಸ್ತಿ. ಕಂಪನಿ ಇದಕ್ಕೂ ದಾರಿ ಹುಡುಕಿತು. ಮ್ಯಾಟ್ರಿಕ್ಸ್ ಅನ್ನುವ ಮುಂದಿನ ವಿಧಾನದಲ್ಲಿ ಬೇರೆ ಬೇರೆ ಕಡೆ ಇರುವ ಹಲವು ಫೋನುಗಳ ಅಳತೆಗಳನ್ನು ಒಟ್ಟಿಗೆ ಹಾಕಿ, ಫೋನುಗಳ ಜಾಗ ಮತ್ತು ಟವರುಗಳ ಸಮಯದ ವ್ಯತ್ಯಾಸ ಎರಡನ್ನೂ ಒಂದೇ ಲೆಕ್ಕದಲ್ಲಿ ಬಿಡಿಸಿದರು. ಪೆಟ್ಟಿಗೆಗಳೇ ಬೇಡವಾದವು. ಗಣಿತದಿಂದ ದುಡ್ಡು ಉಳಿಸಿದ ಇಂಥ ಕೆಲಸ ನೋಡಿದರೆ ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದನ್ನು ಪಾಠ ಮಾಡಬೇಕು ಅನಿಸುತ್ತದೆ.

ಅಷ್ಟು ಒಳ್ಳೆಯದಾಗಿದ್ದರೆ ಆ ಕಂಪನಿ ಹೆಸರು ಯಾಕೆ ಕೇಳಿಲ್ಲ?

ಅಮೆರಿಕದ ಕೆಲವು ದೊಡ್ಡ ಮೊಬೈಲ್ ಕಂಪನಿಗಳು ಮೊದಲು ಇ-ಒಟಿಡಿ ಆರಿಸಿ ಆಮೇಲೆ ಕೈಬಿಟ್ಟವು. ಅವು ಟ್ರೂಪೊಸಿಷನ್ ಅನ್ನುವ ಬೇರೆ ಕಂಪನಿಯ ವಿಧಾನಕ್ಕೆ ಹೋದವು. ಅದರಲ್ಲಿ ಕೆಲಸ ಉಲ್ಟಾ: ಫೋನು ಟವರುಗಳನ್ನು ಕೇಳುವುದಿಲ್ಲ, ಟವರುಗಳೇ ಫೋನನ್ನು ಕೇಳುತ್ತವೆ, ಹಾಗಾಗಿ ಹಳೆಯ ಫೋನಿದ್ದರೂ ನಡೆಯುತ್ತದೆ. ಅಷ್ಟರಲ್ಲಿ ಜಿಪಿಎಸ್ ಚಿಪ್ಪಿನ ಬೆಲೆಯೂ ಇಳಿಯಿತು. 2007ರಲ್ಲಿ ಬ್ಲೂಟೂತ್ ಚಿಪ್ ಮಾಡುತ್ತಿದ್ದ ಸಿಎಸ್‌ಆರ್, ಕೇಂಬ್ರಿಡ್ಜ್ ಪೊಸಿಷನಿಂಗ್ ಸಿಸ್ಟಮ್ಸ್ ಅನ್ನು ಕೊಂಡಿತು. 2015ರಲ್ಲಿ ಆ ಸಿಎಸ್‌ಆರ್ ಕೂಡ ಕ್ವಾಲ್‌ಕಾಮ್ ಪಾಲಾಯಿತು. ಕಂಪನಿ ಹೋದರೂ ವಿಚಾರ ಹೋಗಲಿಲ್ಲ. ಟವರುಗಳ ಸಿಗ್ನಲ್ ನಡುವಿನ ಸಮಯದ ಅಂತರ ಅಳೆಯುವ ವಿಧಾನ 4ಜಿ ಮತ್ತು 5ಜಿ ನಿಯಮಾವಳಿಗಳಲ್ಲಿ ಇವತ್ತಿಗೂ ಇದೆ.

ಮನೆಯೊಳಗೆ ಜಿಪಿಎಸ್ ಸಿಗುವುದಿಲ್ಲ ಅಂತೀರಿ, ಆದರೂ ಮ್ಯಾಪ್ ನನ್ನ ಮನೆಯನ್ನೇ ತೋರಿಸುತ್ತದೆ. ಹೇಗೆ?

ವೈಫೈ. ಪ್ರತಿ ರೌಟರಿಗೂ ಒಂದು ಗುರುತಿನ ಸಂಖ್ಯೆ ಇದೆ, ಅದು ಗೋಡೆ ದಾಟಿ ರಸ್ತೆವರೆಗೂ ಕೇಳಿಸುತ್ತದೆ. ಬಾಸ್ಟನ್‌ನಲ್ಲಿ 2003ರಲ್ಲಿ ಶುರುವಾದ ಸ್ಕೈಹುಕ್ ಕಂಪನಿ ಗಾಡಿಗಳನ್ನು ಊರೂರು ಓಡಿಸಿ ಯಾವ ರೌಟರ್ ಎಲ್ಲಿ ಕೇಳಿಸುತ್ತದೆ ಅಂತ ಪಟ್ಟಿ ಮಾಡಿತು. 2008ರ ಜನವರಿಯಲ್ಲಿ ಮೊದಲ ಐಫೋನಿಗೆ ಜಾಗ ಹೇಳುವ ಶಕ್ತಿ ಬಂದದ್ದು ಆ ಪಟ್ಟಿಯಿಂದ, ಯಾಕೆಂದರೆ ಆ ಫೋನಿನಲ್ಲಿ ಜಿಪಿಎಸ್ ಇರಲೇ ಇಲ್ಲ. ಈಗ ಗೂಗಲ್, ಆಪಲ್ ಇಬ್ಬರೂ ತಮ್ಮದೇ ಪಟ್ಟಿ ಇಟ್ಟುಕೊಂಡಿದ್ದಾರೆ, ಅದನ್ನು ತುಂಬುತ್ತಿರುವುದು ನಮ್ಮ ಫೋನುಗಳೇ.

ನಿಮ್ಮ ರೌಟರ್ ಗೂಗಲ್ ಪಟ್ಟಿಯಲ್ಲಿ ಬೇಡವಾದರೆ ವೈಫೈ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ನೋಮ್ಯಾಪ್ ಅಂತ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಸೇರಿಸಿ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನನ್ನ ಹೊಲದಲ್ಲೇ ನಿಂತಿದ್ದೇನೆ, ದಿಶಾಂಕ್ ಪಕ್ಕದವರ ಸರ್ವೆ ನಂಬರ್ ತೋರಿಸುತ್ತಿದೆ. ಹೊಲ ಅವರ ಪಾಲಾಯಿತಾ?

ಖಂಡಿತ ಇಲ್ಲ. ದಯವಿಟ್ಟು ಇದರ ಮೇಲೆ ಜಗಳಕ್ಕೆ ಇಳಿಯಬೇಡಿ.

ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನಿನ ತಪ್ಪು ಸಾಮಾನ್ಯವಾಗಿ 5 ಮೀಟರ್ ಆಸುಪಾಸು ಇರುತ್ತದೆ. ಚುಕ್ಕೆಯ ಸುತ್ತ 5 ಮೀಟರ್ ಅಂದರೆ ಅಡ್ಡಕ್ಕೆ 10 ಮೀಟರ್ ಆಯಿತು. ನಮ್ಮ ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ ಹತ್ತಿರ ಹತ್ತಿರ 10 ಮೀಟರ್. ಫೋನು ತನ್ನ ಅತ್ಯುತ್ತಮ ಹೊತ್ತಿನಲ್ಲೂ ಒಂದು ಗುಂಟೆ ಅಗಲದಷ್ಟು ಅನುಮಾನ ಇಟ್ಟುಕೊಂಡೇ ಮಾತಾಡುತ್ತದೆ. ಇದರ ಮೇಲೆ ಇನ್ನೊಂದಿದೆ: ಕಾಗದದ ಹಳೆಯ ಗ್ರಾಮ ನಕಾಶೆಗಳನ್ನು ಕಂಪ್ಯೂಟರ್ ಮ್ಯಾಪಿನ ಮೇಲೆ ಹೊಂದಿಸುವಾಗಲೂ ಗೆರೆಗಳು ಸ್ವಲ್ಪ ಸರಿದಿರುತ್ತವೆ. ಎರಡೂ ತಪ್ಪು ಒಂದೇ ಕಡೆಗೆ ಬಿದ್ದರೆ ಬದುವಿನ ಹತ್ತಿರ ನಿಂತವರು ಆರಾಮಾಗಿ ಪಕ್ಕದ ನಂಬರಿಗೆ ಹೋಗಿಬಿಡುತ್ತಾರೆ.

ದಿಶಾಂಕ್ ಒಳ್ಳೆಯ ಆ್ಯಪ್. ಕೊಳ್ಳಬೇಕೆಂದಿರುವ ಜಮೀನು ಯಾವ ಸರ್ವೆ ನಂಬರಿನ ಕಡೆ ಇದೆ, ಪಕ್ಕದಲ್ಲಿ ಸರ್ಕಾರಿ ಜಾಗ ಇದೆಯಾ ಅಂತ ತಿಳಿಯಲು ಅದನ್ನು ಬಳಸಿ. ಗಡಿ ತಿಳಿಯಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ತರುವ ರೋವರ್ ಅನ್ನುವ ಅಳತೆಯ ಯಂತ್ರ ಕೂಡ ಉಪಗ್ರಹವನ್ನೇ ಕೇಳುತ್ತದೆ, ಆದರೆ ಜಾಗ ಖಚಿತವಾಗಿ ಗೊತ್ತಿರುವ ಸ್ಥಿರ ಕೇಂದ್ರದಿಂದ ತಿದ್ದುಪಡಿ ತೆಗೆದುಕೊಳ್ಳುವುದರಿಂದ ಅದರ ತಪ್ಪು ಸೆಂಟಿಮೀಟರ್ ಲೆಕ್ಕಕ್ಕೆ ಇಳಿಯುತ್ತದೆ. ಬಾಂದುಕಲ್ಲಿನ ವಿಷಯಕ್ಕೆ ಫೋನು ಸಾಕ್ಷಿಯಲ್ಲ.

ಬೆಳೆ ಸಮೀಕ್ಷೆಯ ಆ್ಯಪ್ ಹೊಲದ ಹೊರಗಿದ್ದೀರಿ ಅನ್ನುತ್ತದೆ, ಏನು ಮಾಡಲಿ?

ಹೊಲದ ನಡುವೆ ಹೋಗಿ. ಬದುವಿನ ಮೇಲಿನ ಬೇವಿನ ಮರದ ನೆರಳು, ತಗಡಿನ ಶೆಡ್ಡು, ಹೈಟೆನ್ಷನ್ ಕಂಬದ ಬುಡ, ಇವು ಬೇಡ. ಫೋನನ್ನು ಜೇಬಿನಿಂದ ತೆಗೆದು ಆಕಾಶಕ್ಕೆ ತೆರೆದು ಹಿಡಿದು ಒಂದೆರಡು ನಿಮಿಷ ಕಾಯಿರಿ. ಮ್ಯಾಪ್ ತೆರೆದು ನೀಲಿ ಚುಕ್ಕೆಯ ಸುತ್ತಲಿನ ತೆಳು ವೃತ್ತ ನೋಡಿ. ವೃತ್ತ ದೊಡ್ಡದಿದ್ದರೆ ಫೋನಿಗೇ ಇನ್ನೂ ನಂಬಿಕೆ ಬಂದಿಲ್ಲ ಅಂತ ಅರ್ಥ, ಅದು ಕುಗ್ಗಿದ ಮೇಲೆ ಫೋಟೊ ತೆಗೆಯಿರಿ. ಸೆಟ್ಟಿಂಗಿನಲ್ಲಿ ಆ ಆ್ಯಪ್‌ಗೆ ಅಂದಾಜು ಜಾಗದ ಅನುಮತಿ ಮಾತ್ರ ಕೊಟ್ಟಿದ್ದರೆ ಎಷ್ಟು ಕಾಯ್ದರೂ ಆಗುವುದಿಲ್ಲ, ನಿಖರ ಜಾಗಕ್ಕೆ ಅನುಮತಿ ಕೊಡಿ.

ಕೋಟೆಯಲ್ಲಿ, ಗುಹೆಯಲ್ಲಿ ಚುಕ್ಕೆ ಯಾಕೆ ಹುಚ್ಚುಹುಚ್ಚಾಗಿ ಓಡುತ್ತದೆ?

ಉಪಗ್ರಹದ ಸಿಗ್ನಲ್ ನೆಲಕ್ಕೆ ಬರುವಷ್ಟರಲ್ಲಿ ಬಹಳ ಸಣ್ಣದಾಗಿರುತ್ತದೆ. ಕಲಬುರಗಿ ಕೋಟೆಯ ಜಾಮಾ ಮಸೀದಿಗೆ ಬೇರೆ ಮಸೀದಿಗಳ ಹಾಗೆ ತೆರೆದ ಅಂಗಳ ಇಲ್ಲ, ಪೂರ್ತಿ ಗುಮ್ಮಟಗಳ ಛಾವಣಿ. ಅಲ್ಲಿ ಒಳಗೆ ನಿಂತರೆ ಫೋನು ಟವರನ್ನೇ ನೆಚ್ಚಬೇಕು. ಬೀದರಿನ ಮಹಮೂದ್ ಗವಾನ್ ಮದರಸಾದ ಎತ್ತರದ ಗೋಡೆಯ ಪಕ್ಕ ಬೇರೆ ತರಹದ ತೊಂದರೆ: ಸಿಗ್ನಲ್ ನೇರ ಬರುವ ಬದಲು ಗೋಡೆಗೆ ಬಡಿದು ಸುತ್ತಿ ಬರುತ್ತದೆ, ದಾರಿ ಉದ್ದವಾದಷ್ಟೂ ಫೋನು ದೂರ ಜಾಸ್ತಿ ಅಂತ ತಿಳಿದು ನಿಮ್ಮನ್ನು ಬೇರೆ ಕಡೆ ಹಾಕುತ್ತದೆ. ಝರಣಿ ನರಸಿಂಹ ಗುಹೆಯಲ್ಲಂತೂ ಮೇಲೆ ಕಲ್ಲು, ಕೆಳಗೆ ಎದೆಮಟ್ಟ ನೀರು, ಅಲ್ಲಿ ಯಾವ ಉಪಗ್ರಹವೂ ಕೇಳಿಸುವುದಿಲ್ಲ.

ಎರಡು ತರಂಗಾಂತರಗಳಲ್ಲಿ ಕೇಳುವ ಫೋನುಗಳು ಗೋಡೆಯ ತೊಂದರೆಯನ್ನು ಚೆನ್ನಾಗಿ ನಿಭಾಯಿಸುತ್ತವೆ. 2018ರ ಶಿಯೋಮಿ ಮಿ 8 ಇಂಥ ಮೊದಲ ಫೋನು. ಆ ಎರಡಕ್ಕೆ ಎಲ್1, ಎಲ್5 ಅಂತ ಹೆಸರು, ಕೊಳ್ಳುವಾಗ ವಿವರದಲ್ಲಿ ಎಲ್1 ಜೊತೆ ಎಲ್5 ಇದೆಯಾ ನೋಡಿ.

ಮಳೆ, ಮೋಡ ಇದ್ದರೆ?

ಏನೂ ಆಗುವುದಿಲ್ಲ ಅನ್ನಬಹುದು. ಮೋಡಕ್ಕಿಂತ ಬಹಳ ಮೇಲಿರುವ ಅಯಾನುಗೋಳ, ಅಂದರೆ ವಿದ್ಯುತ್ ಕಣಗಳ ಪದರ, ಜಾಸ್ತಿ ಕಾಡುತ್ತದೆ. ಭೂಮಧ್ಯರೇಖೆಗೆ ಹತ್ತಿರ ಇರುವ ನಮ್ಮಂಥ ಊರುಗಳಲ್ಲಿ ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಆ ಪದರ ಕದಡಿ ಸಿಗ್ನಲ್ ನಡುಗುತ್ತದೆ.

ಸೇಡಂನಲ್ಲಿ ಕೂತಿದ್ದರೂ ವೆಬ್‌ಸೈಟ್ ಬೆಂಗಳೂರು ಅನ್ನುತ್ತದೆ, ಔರಾದ್‌ನಲ್ಲಿ ಮಹಾರಾಷ್ಟ್ರ ಅನ್ನುತ್ತದೆ. ಯಾಕೆ?

ಎರಡೂ ಬೇರೆ ಬೇರೆ ಕಾರಣ. ವೆಬ್‌ಸೈಟಿಗೆ ನೀವು ಲೊಕೇಶನ್ ಅನುಮತಿ ಕೊಡದಿದ್ದರೆ ಅದು ನಿಮ್ಮ ಇಂಟರ್ನೆಟ್ ವಿಳಾಸ ನೋಡಿ ಊಹಿಸುತ್ತದೆ. ಮೊಬೈಲ್ ಕಂಪನಿಯ ಇಂಟರ್ನೆಟ್ ಹೊರಗೆ ಹೋಗುವ ಬಾಗಿಲು ದೊಡ್ಡ ಊರಲ್ಲಿರುತ್ತದೆ, ಆ ಊರಿನ ಹೆಸರೇ ಬರುತ್ತದೆ. ಔರಾದ್ ಕಡೆ ಗಡಿ ಹತ್ತಿರ ಇರುವುದರಿಂದ ಫೋನು ಆಚೆಯ ಟವರನ್ನು ಹಿಡಿದುಬಿಡುತ್ತದೆ. ಜಿಪಿಎಸ್ ಹಚ್ಚಿ, ವೆಬ್‌ಸೈಟಿಗೆ ಲೊಕೇಶನ್ ಅನುಮತಿ ಕೊಟ್ಟರೆ ಎರಡೂ ಸರಿಯಾಗುತ್ತವೆ.

ನಮ್ಮ ಇಸ್ರೋದ ನಾವಿಕ್ ಫೋನಿನಲ್ಲಿ ಬರುತ್ತದಾ?

ಬರುತ್ತದೆ, ಹೊಸ ಫೋನುಗಳಲ್ಲಿ ತುಂಬ ಕಡೆ ಇದೆ. ಜಿಪಿಎಸ್ ತರಹದ ನಮ್ಮದೇ ಈ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಏಳು ಉಪಗ್ರಹಗಳ ಯೋಜನೆ, ಎಲ್ಲವೂ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭಾರತ ಮತ್ತು ಸುತ್ತಲಿನ 1,500 ಕಿಲೋಮೀಟರ್ ಪ್ರದೇಶಕ್ಕೆ ಅಂತ ಮಾಡಿದ್ದು. ಇದರ ಸಮಯದ ಲೆಕ್ಕ ಬೆಂಗಳೂರು ಹತ್ತಿರದ ಬ್ಯಾಲಾಳು ಕೇಂದ್ರದಲ್ಲಿ ನಡೆಯುತ್ತದೆ, ಉಪಗ್ರಹಗಳನ್ನು ಹಾಸನದಿಂದ ನಿಯಂತ್ರಿಸುತ್ತಾರೆ. ಕರ್ನಾಟಕದವರು ಹೆಮ್ಮೆ ಪಡಬೇಕಾದ ಕೆಲಸ.

ತೊಂದರೆಗಳೂ ಬಂದವು. ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ಕೆಟ್ಟವು. 2023ರ ಮೇನಲ್ಲಿ ಹೋದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ, ಜೊತೆಗೆ ಫೋನುಗಳಿಗೆ ಸುಲಭವಾದ ಎಲ್1 ಸಿಗ್ನಲ್ ಕೂಡ. 2025ರ ಜನವರಿಯ ಎನ್‌ವಿಎಸ್-02 ಸರಿಯಾದ ಕಕ್ಷೆ ಮುಟ್ಟಲಿಲ್ಲ. ಹಾಗಾಗಿ ನಾವಿಕ್ ಒಂದನ್ನೇ ನಂಬಿ ಫೋನು ನಡೆಯುವ ಕಾಲ ಇನ್ನೂ ಬಂದಿಲ್ಲ, ಬೇರೆಯವುಗಳ ಜೊತೆ ಸೇರಿದಾಗ ಅದರ ಲಾಭ ಸಿಗುತ್ತದೆ.

ನಂಬರ್ ಹಾಕಿದರೆ ಆ ವ್ಯಕ್ತಿ ಎಲ್ಲಿದ್ದಾನೆ ಅಂತ ಹೇಳುವ ಆ್ಯಪ್ ನಿಜವಾ?

ಸುಳ್ಳು. ನಂಬರಿನ ಮೊದಲ ಅಂಕಿಗಳಿಂದ ಅದು ಯಾವ ಕಂಪನಿಗೆ, ಯಾವ ವಲಯಕ್ಕೆ ಕೊಟ್ಟ ಸರಣಿ ಅಂತ ಮಾತ್ರ ತಿಳಿಯುತ್ತದೆ. 2011ರಲ್ಲಿ ನಂಬರ್ ಪೋರ್ಟಿಂಗ್ ಬಂದ ಮೇಲೆ ಕಂಪನಿಯ ಹೆಸರೂ ಖಾತ್ರಿಯಲ್ಲ. ಟವರ್ ವಿವರ ಇರುವುದು ಮೊಬೈಲ್ ಕಂಪನಿಯ ಬಳಿ, ಅದು ಸಿಗುವುದು ಕಾನೂನಿನ ಪ್ರಕಾರ ಕೇಳುವ ಪೊಲೀಸರಂಥ ಸಂಸ್ಥೆಗಳಿಗೆ. ದುಡ್ಡು ಕೊಟ್ಟರೆ ಹೆಂಡತಿಯ ಅಥವಾ ಮಗಳ ಲೊಕೇಶನ್ ತೆಗೆದು ಕೊಡುತ್ತೇನೆ ಅನ್ನುವವರು ಒಂದೋ ಮೋಸಗಾರರು, ಇಲ್ಲವೇ ಅಪರಾಧ ಮಾಡುತ್ತಿದ್ದಾರೆ. ಆ ಲೊಕೇಶನ್ ಬೇಕು ಅಂತ ಕೇಳುವವರಿಗೂ ನಾನು ಹೇಳುವುದು ಇಷ್ಟೇ: ಅವರನ್ನೇ ಕೇಳಿ. ಮನಸ್ಸಿದ್ದರೆ ವಾಟ್ಸ್ಯಾಪಿನಲ್ಲಿ 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಲೈವ್ ಲೊಕೇಶನ್ ಹಂಚುತ್ತಾರೆ. ಇಲ್ಲಾಂದರೆ ಅದು ಅವರ ಹಕ್ಕು.

ಫೋನು ಕಳೆದಿದೆ, ಮೊದಲು ಏನು ಮಾಡಲಿ?

ಆಂಡ್ರಾಯ್ಡ್ ಆದರೆ ಬೇರೆ ಫೋನಿನಿಂದ ನಿಮ್ಮ ಗೂಗಲ್ ಖಾತೆಗೆ ಹೋಗಿ ಫೈಂಡ್ ಹಬ್ ತೆರೆಯಿರಿ, ಐಫೋನ್ ಆದರೆ ಫೈಂಡ್ ಮೈ. ಸೈಲೆಂಟ್‌ನಲ್ಲಿದ್ದರೂ ರಿಂಗ್ ಆಗುತ್ತದೆ, ಅಲ್ಲಿಂದಲೇ ಲಾಕ್ ಮಾಡಬಹುದು. ಆಮೇಲೆ ಪೊಲೀಸ್ ದೂರು, ಅದೇ ನಂಬರಿನ ಹೊಸ ಸಿಮ್, ನಂತರ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಹಾಕಿ ಬ್ಲಾಕ್ ಮಾಡಿಸುವುದು. ಸಂಚಾರ್ ಸಾಥಿ ಮ್ಯಾಪಿನಲ್ಲಿ ಚುಕ್ಕೆ ತೋರಿಸುವ ವ್ಯವಸ್ಥೆಯಲ್ಲ. ಬ್ಲಾಕ್ ಆದ ಫೋನಿಗೆ ಯಾರಾದರೂ ಬೇರೆ ಸಿಮ್ ಹಾಕಿದರೆ ಸುಳಿವು ಸಿಗುತ್ತದೆ, ಪೊಲೀಸರು ಅದರ ಹಿಂದೆ ಹೋಗುತ್ತಾರೆ. ಇವತ್ತೇ *#06# ಒತ್ತಿ ಬಂದ ಸಂಖ್ಯೆ ಬರೆದಿಟ್ಟುಕೊಳ್ಳಿ. ಮ್ಯಾಪಿನಲ್ಲಿ ಯಾರದೋ ಮನೆ ತೋರಿಸಿದರೆ ಒಬ್ಬರೇ ಹೋಗಿ ಬಾಗಿಲು ಬಡಿಯಬೇಡಿ. ವೃತ್ತದೊಳಗೆ ಹತ್ತು ಮನೆ ಇರಬಹುದು, ಒಂಬತ್ತು ಮನೆಯವರು ಏನೂ ಮಾಡಿರುವುದಿಲ್ಲ.

112ಕ್ಕೆ ಕರೆ ಮಾಡಿದರೆ ನಾನು ಎಲ್ಲಿದ್ದೇನೆ ಅಂತ ಅವರಿಗೆ ತಾನಾಗಿಯೇ ಗೊತ್ತಾಗುತ್ತದಾ?

ಪೂರ್ತಿ ಅದನ್ನೇ ನಂಬಬೇಡಿ. ಬ್ರಿಟನ್ನಿನಲ್ಲಿ 2014ರಲ್ಲಿ ಎಎಂಎಲ್ ಅನ್ನುವ ವ್ಯವಸ್ಥೆ ಶುರುವಾಯಿತು. ತುರ್ತು ಕರೆ ಮಾಡಿದ ಕೂಡಲೇ ಫೋನು ತಾನೇ ಜಿಪಿಎಸ್ ಹಚ್ಚಿ ಜಾಗವನ್ನು ಸಂದೇಶದಲ್ಲಿ ಕಳಿಸುತ್ತದೆ. ಇಂಥದ್ದು ನಮ್ಮ ಪ್ರತಿ ತಾಲ್ಲೂಕಿಗೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ಹಾವು ಕಚ್ಚಿದಾಗ, ಅಪಘಾತ ಆದಾಗ ಗಾಬರಿಯಲ್ಲಿ ಯಾರಿಗೂ ದಾರಿ ಹೇಳಲು ಬರುವುದಿಲ್ಲ. ಬರೀ ಟವರ್ ಅಂದಾಜು ಸಿಕ್ಕರೆ ಹಳ್ಳಿ ಕಡೆ ಆಂಬುಲೆನ್ಸ್ ಕಿಲೋಮೀಟರುಗಟ್ಟಲೆ ತಿರುಗಬೇಕಾಗುತ್ತದೆ.

112 ಇಂಡಿಯಾ ಆ್ಯಪ್ ಹಾಕಿಕೊಳ್ಳಿ, ಅದು ಜಿಪಿಎಸ್ ಜಾಗ ಕಳಿಸುತ್ತದೆ. 2017ರ ನಂತರದ ಬಟನ್ ಫೋನುಗಳಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು ಅಂತ ನಿಯಮ ಇದೆ, ಮನೆಯ ಹಿರಿಯರಿಗೆ ತೋರಿಸಿಕೊಡಿ. ಮಾತಾಡುವಾಗ ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ಹೇಳಿ. ಔರಾದ್ ಅಂದರೆ ಬೀದರ್ ಜಿಲ್ಲೆಯಲ್ಲೂ ಇದೆ, ಗಡಿಯಾಚೆ ಔರಾದ್ ಶಹಾಜಾನಿ ಅಂತಲೂ ಇದೆ. ಖುರ್ದ್, ಬುಜುರ್ಗ್ ಅಂತ ಜೋಡಿ ಊರುಗಳೂ ನಮ್ಮಲ್ಲಿ ಬಹಳ. ಹತ್ತಿರದ ಗುಡಿ, ದರ್ಗಾ, ಶಾಲೆ, ಕಾಲುವೆ ಸೇತುವೆ ಯಾವುದಿದೆಯೋ ಹೇಳಿ. ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿದ್ದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ, ಹೈದರಾಬಾದ್ ಕಡೆ ಹೋಗುವ ಬದಿಯೋ ಸೋಲಾಪುರದ ಕಡೆಯದೋ ಅದನ್ನೂ ಹೇಳಿ. ರಾಷ್ಟ್ರೀಯ ಹೆದ್ದಾರಿಗೆ 1033 ಅಂತ ಬೇರೆ ನಂಬರೂ ಇದೆ. ಯಾವ ಗುರುತೂ ಇಲ್ಲದ ಬಯಲಿನಲ್ಲಿದ್ದರೆ ಮ್ಯಾಪಿನ ನೀಲಿ ಚುಕ್ಕೆಯನ್ನು ಒತ್ತಿ ಹಿಡಿಯಿರಿ, ಎರಡು ಸಂಖ್ಯೆ ಬರುತ್ತವೆ. ಕಲಬುರಗಿ ಊರಲ್ಲಾದರೆ ಒಂದು 17.3ರಿಂದ, ಇನ್ನೊಂದು 76.8ರಿಂದ ಶುರುವಾಗುತ್ತದೆ. ಚುಕ್ಕೆಯ ನಂತರ ನಾಲ್ಕು ಅಂಕಿ ಓದಿದರೆ ಸಾಕು, 11 ಮೀಟರ್ ಹತ್ತಿರಕ್ಕೆ ಬರುತ್ತಾರೆ.